ಸಾಹುಕಾರರು ನನಗಿಟ್ಟ ಪರೀಕ್ಷೆ

ಶಾಸಕರಾಗುವ ಮೊದಲು ಸಾಹುಕಾರರು ಚನ್ನಗಿರಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಿದ್ದರು. ನಾನು ಅವರ ಮಂಡಿಯಲ್ಲಿ ಗುಮಾಸ್ತ. ಚೀಲದ ಮೇಲಿನ ಕಾಳು ಎಷ್ಟು ಚೆನ್ನಾಗಿ ಕಂಡರೂ ಅವರು ನಂಬುತ್ತಿರಲಿಲ್ಲ. ಮೊನಚಾದ ಕೊಳವೆಯನ್ನು ಚೀಲದ ತಳದವರೆಗೂ ಚುಚ್ಚಿ, ಒಳಗಿನ ಕಾಳು ತೆಗೆದು ಹಲ್ಲಿಗೆ ಹಾಕಿ ನೋಡುತ್ತಿದ್ದರು. ವಿಧಾನ ಪರಿಷತ್ತಿಗೆ ಗೆದ್ದ ಮೇಲೆ ನನ್ನನ್ನೇ ಆಪ್ತ ಸಹಾಯಕನನ್ನಾಗಿ ಮಾಡಿಕೊಂಡರು. ಜೋಳದ ಬದಲು ಅರ್ಜಿ, ಅಷ್ಟೇ ವ್ಯತ್ಯಾಸ ಅಂದುಕೊಂಡೆ.

ಎರಡನೇ ವರ್ಷ ಸಂಶಯ ಶುರುವಾಯಿತು. ಅವರು ಹೋಗುವ ಊರು ಯಾರಿಗೋ ಮೊದಲೇ ತಿಳಿಯುತ್ತಿತ್ತು. ಹೊನ್ನಾಳಿಯಲ್ಲಿ ವಿರೋಧಿಗಳು ಕಪ್ಪು ಬಾವುಟ ಹಿಡಿದು ಕಾದಿದ್ದರು. ನ್ಯಾಮತಿಯಲ್ಲೂ ಹಾಗೇ ಆಯಿತು. ನನಗೆ ಡ್ರೈವರ್ ಮೇಲೆ ಅನುಮಾನ. ಟೀಗೆ ಇಳಿದಾಗಲೆಲ್ಲ ಅವನು ಫೋನ್ ಹಿಡಿದು ದೂರ ಹೋಗುತ್ತಿದ್ದ. ಅವನೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಒಂದು ಸೋಮವಾರ ಸಾಹುಕಾರರು ನನ್ನನ್ನು ಒಳಗೆ ಕರೆದು, ಗುರುವಾರ ಜಗಳೂರಿನ ಸೊಕ್ಕೆಗೆ ಹೋಗುವುದಿದೆ, ಯಾರಿಗೂ ಹೇಳಬೇಡ ಎಂದರು. ಡ್ರೈವರ್‌ಗೆ ಬೇರೆ ಊರು, ಗೋವಿನಕೋವಿ ಎಂದು ಹೇಳಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಗುರುವಾರ ಸೊಕ್ಕೆಯ ದಾರಿಯಲ್ಲಿ ಮೂವತ್ತು ಮಂದಿ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು. ಬಾವುಟವಿಲ್ಲ, ಘೋಷಣೆಯಿಲ್ಲ. ಸಾಹುಕಾರರು ನನ್ನ ಕಡೆ ತಿರುಗಿದರು.

"ನಿನಗೊಬ್ಬನಿಗೇ ಹೇಳಿದ್ದೆ ಕಣಪ್ಪ."

ನಾನು ಯಾರಿಗೂ ಹೇಳಿಲ್ಲ ಎಂದೆ. ಹೇಳುವಾಗಲೇ ನೆನಪಾಯಿತು: ಗುರುವಾರ ಬುತ್ತಿ ಬೇಡ ಎನ್ನುವಾಗ ಹೆಂಡತಿಯ ಮುಂದೆ ಊರಿನ ಹೆಸರು ಬಾಯಿಗೆ ಬಂದಿತ್ತು. ಅವಳ ಅಕ್ಕನನ್ನು ಕೊಟ್ಟಿರುವುದು ಸೊಕ್ಕೆಗೆ.

ಸಾಹುಕಾರರು ಇಳಿದು ಹೋದರು. ಟ್ಯಾಂಕ್ ಕಟ್ಟಿ ವರ್ಷವಾದರೂ ಪೈಪ್ ಜೋಡಿಸಿಲ್ಲವೆಂದು ಹೆಂಗಸರು ತೋರಿಸಿದರು. ಸಾಹುಕಾರರು ಅಲ್ಲಿಂದಲೇ ಎಂಜಿನಿಯರ್‌ಗೆ ಫೋನ್ ಮಾಡಿದರು. ಆ ಕೆಲಸವೇನೋ ಆಯಿತು. ವಾಪಸ್ ಬರುವಾಗ ನನ್ನ ಕೈಲಿದ್ದ ಪ್ರವಾಸದ ಡೈರಿಯನ್ನು ಸಾಹುಕಾರರು ತಾವೇ ಇಟ್ಟುಕೊಂಡರು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಹೌದ್ರೀ, ಅಕ್ಕನಿಗೆ ಹೇಳ್ದೆ. ಒಂದು ಊರಿಗೆ ಬರಾಕೆ ಶಾಸಕರು ಯಾಕ್ ಕದ್ದು ಬರ್ಬೇಕು?"

ಹೊನ್ನಾಳಿ, ನ್ಯಾಮತಿಯ ಸುದ್ದಿಯನ್ನೂ ನೀನೇ ಹೇಳಿದೆಯಾ ಎಂದೆ. ಇಲ್ಲ ಎಂದಳು. ಇನ್ನೊಂದು ಸಲ ಕೇಳಿದೆ. ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಳು.

ಸಾಹುಕಾರರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಹೋಗುವ ಊರು ಯಾವುದೆಂದು ಮಾತ್ರ ಮತ್ತೆಂದೂ ಹೇಳಲಿಲ್ಲ. ಎಲ್ಲಿಗೆಂದು ತಿಳಿಯದೆ ದಿನಾ ಬೆಳಿಗ್ಗೆ ಕಾರು ಹತ್ತುವುದು ಮೂರು ತಿಂಗಳಿಗೇ ಸಾಕಾಯಿತು. ಕೆಲಸ ಬಿಟ್ಟು ಸಂತೇಬೆನ್ನೂರಿನಲ್ಲಿ ಜೆರಾಕ್ಸ್ ಅಂಗಡಿ ಹಾಕಿದೆ.

ಹೊನ್ನಾಳಿಯ ಸುದ್ದಿ ಕೊಟ್ಟವರು ಯಾರೆಂದು ಇಂದಿಗೂ ಗೊತ್ತಿಲ್ಲ. ಸಂತೇಬೆನ್ನೂರಿನ ಕಡೆ ಬಂದಾಗ ಸಾಹುಕಾರರು ನನ್ನ ಅಂಗಡಿ ಮುಂದೆ ಕಾರು ನಿಲ್ಲಿಸಿ ಮನೆಯವರನ್ನೆಲ್ಲ ವಿಚಾರಿಸುತ್ತಾರೆ. ಎಲ್ಲಿಗೆ ಹೊರಟಿರಿ ಎಂದು ನಾನು ಕೇಳುವುದಿಲ್ಲ.