ನಡುವಿನ ಊರಿನಲ್ಲಿ ಒಂದು ಹಗಲು

ವಿಮಾನದ ಟಿಕೆಟ್ಟು ಹುಡುಕುವಾಗ ಮೊಬೈಲಿನ ಪರದೆಯ ಮೇಲೆ ಒಂದರ ಕೆಳಗೊಂದರಂತೆ ಇಳಿದು ಬರುವ ಹತ್ತಾರು ಆಯ್ಕೆಗಳಲ್ಲಿ ಯಾವುದೋ ಒಂದರ ನೆತ್ತಿಗೆ ‘ಅತ್ಯುತ್ತಮ’ ಎಂಬ ಹಸಿರು ಪಟ್ಟಿ ಅಂಟಿರುವುದನ್ನು ನೀವೂ ನೋಡಿರಬಹುದು. ಯಾರ ಅನುಕೂಲಕ್ಕೆ ಅತ್ಯುತ್ತಮ ಎಂದು ಅದು ಹೇಳುವುದಿಲ್ಲ. ಕೇಳೋಣವೆಂದರೆ ಎದುರಿಗೆ ಮನುಷ್ಯರಿಲ್ಲ. ಕನ್ನಡ ಕಲಿಸಿ ನಿವೃತ್ತನಾದ ನನಗೆ ಇಂಥ ಕಡೆಯೆಲ್ಲ ಪದದ ಬೇರು ಕೆದಕುವ ಚಟ. ಕೂಲವೆಂದರೆ ದಡ, ದಡವನ್ನು ಅನುಸರಿಸಿ ಹೋದರೆ ಅನುಕೂಲ, ದಡಕ್ಕೆ ಎದುರು ಬಿದ್ದರೆ ಪ್ರತಿಕೂಲ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತಿದ್ದೆ. ಹೊಳೆಗೆ ಎರಡು ದಡಗಳಿರುತ್ತವಲ್ಲ ಸಾರ್, ನೀವು ಯಾವ ದಡದ ಮಾತು ಹೇಳುತ್ತಿದ್ದೀರಿ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ.

ಒಂದು ಬಸ್ಸಿನಿಂದಿಳಿದು ಇನ್ನೊಂದನ್ನು ಹತ್ತುವ ವಿದ್ಯೆಯಲ್ಲಿ ಮಾತ್ರ ನನಗೆ ತಕ್ಕಷ್ಟು ಅಹಂಕಾರವಿತ್ತು. ಹುಟ್ಟಿದ್ದು ಗುಡೇಕೋಟೆಯ ಹತ್ತಿರ, ಕುರಿ ಸಾಕುವ ಮನೆಯಲ್ಲಿ. ನೌಕರಿ ಹರಪನಹಳ್ಳಿಯ ಕಾಲೇಜಿನಲ್ಲಿ. ಹೆಂಡತಿ ಶಾರದಾ ಹಗರಿಬೊಮ್ಮನಹಳ್ಳಿಯ ಶಾಲೆಯಲ್ಲಿ ಟೀಚರಾಗಿದ್ದರಿಂದ ಸಂಸಾರ ಅಲ್ಲಿ. ಹೀಗಾಗಿ ನನ್ನ ಆಯುಷ್ಯದ ದೊಡ್ಡದೊಂದು ಪಾಲು ಕೂಡ್ಲಿಗಿಯಲ್ಲಿ ಇಳಿದು ಕೊಟ್ಟೂರಿನ ಬಸ್ಸು ಹತ್ತುವುದರಲ್ಲಿ, ಕೊಟ್ಟೂರಿನಲ್ಲಿ ಇಳಿದು ಹರಪನಹಳ್ಳಿಯ ಬಸ್ಸು ಹತ್ತುವುದರಲ್ಲಿ ಕಳೆದಿದೆ. ಮೊದಲನೆಯದು ನಿಲ್ಲುವ ಮುಂಚೆಯೇ ಬಾಗಿಲಿಗೆ ಬಂದು ಜೋತುಬಿದ್ದು, ಎರಡನೆಯದರ ಕಿಟಕಿಯಿಂದ ಕರವಸ್ತ್ರವೆಸೆದು ಸೀಟು ಹಿಡಿಯುವುದನ್ನು ನಾನೊಂದು ಲಲಿತಕಲೆಯೆಂದೇ ನಂಬಿದ್ದೆ. ಕೊಟ್ಟೂರಿನ ನಿಲ್ದಾಣದ ಬಳಿ ಮಿರ್ಚಿ ಕರಿಯುವ ಪರಿಮಳವನ್ನು ಅಷ್ಟು ವರ್ಷ ಮೂಗಿನಲ್ಲಿ ಅನುಭವಿಸಿದೆನೇ ಹೊರತು ಮಂಡಕ್ಕಿಯೊಡನೆ ಕೂತು ತಿಂದವನಲ್ಲ. ತಿನ್ನುವಷ್ಟು ಹೊತ್ತು ಉಳಿಯದಂತೆ ಬಸ್ಸುಗಳನ್ನು ಹೊಂದಿಸುವುದೇ ನನ್ನ ಜಾಣತನವಾಗಿತ್ತು. ಒಮ್ಮೆ ಮಾತ್ರ ಹರಪನಹಳ್ಳಿಯಲ್ಲಿ ಬಸ್ಸು ತಪ್ಪಿ, ಸಿಟ್ಟಿನಲ್ಲಿ ಯಾವುದೋ ಟೆಂಪೋ ಹತ್ತಿ ಬಾಗಳಿಗೆ ಹೋಗಿ, ಕಲ್ಲೇಶ್ವರನ ಗುಡಿಯ ನುಣ್ಣನೆಯ ಕಂಬಗಳ ನೆರಳಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೆ. ಚೆನ್ನಾಗಿತ್ತು. ಆದರೂ ಮನೆಗೆ ಬಂದು ‘ಬಸ್ಸು ತಪ್ಪಿತು’ ಎಂದೆನೇ ವಿನಾ ‘ಬಾಗಳಿ ನೋಡಿದೆ’ ಎನ್ನಲಿಲ್ಲ.

ಇಂಥವನಿಗೆ ಮೂರು ದೇಶಗಳ ಆಕಾಶದಲ್ಲಿ ಕೌಶಲ ತೋರುವ ಅವಕಾಶ ಬಂದದ್ದು ಮಗಳು ಚೇತನಾಳಿಂದ. ಪಶುವೈದ್ಯೆಯಾದ ಅವಳು ಸ್ಕಾಟ್‌ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಕುರಿಗಳ ಕಾಲುರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ನಮ್ಮಜ್ಜ ಬೇವಿನ ಸೊಪ್ಪು ಅರೆದು ಕಟ್ಟುತ್ತಿದ್ದ ರೋಗಕ್ಕೆ ಅವಳು ಪ್ರಬಂಧ ಬರೆಯುತ್ತಾಳೆ. ಬೇಸಿಗೆಯಲ್ಲಿ ಇಬ್ಬರೂ ಬಂದು ಹೋಗಿ ಎಂದು ಕರೆದಳು, ವೀಸಾ ಆಯಿತು, ಟಿಕೆಟ್ಟು ಆರಿಸುವ ಹೊಣೆಯನ್ನು ನಾನೇ ಎಳೆದುಕೊಂಡೆ. ವಿಮಾನವೆಂದರೆ ರೆಕ್ಕೆಯಿರುವ ಬಸ್ಸು, ಅಷ್ಟೇ ತಾನೆ?

ಕೊಲ್ಲಿಯ ನಗರವೊಂದರಲ್ಲಿ ಇಳಿದು ಕೈಕಾಲು ಕೊಡವಿಕೊಳ್ಳುವಷ್ಟರಲ್ಲಿ ಮುಂದಿನ ವಿಮಾನ ಹತ್ತಿಸುವ, ನನ್ನ ಕರವಸ್ತ್ರದ ದಿನಗಳನ್ನು ನೆನಪಿಸುವ ಸೊಗಸಾದ ಜೋಡಣೆಯೊಂದನ್ನು ಹುಡುಕಿ ಹೆಮ್ಮೆಯಿಂದ ಶಾರದಾಳಿಗೆ ತೋರಿಸಿದೆ. ಮೊಣಕಾಲು ನೋವು, ಓಡಲಾರೆ ಎಂದಳು. ಸ್ವಲ್ಪ ಬಿಡುವಿರುವುದನ್ನು ತೋರಿಸಿದೆ. ಊಟದ ಹೊತ್ತು ತಪ್ಪುತ್ತದೆ ಎಂದಳು. ಇನ್ನೂ ಬಿಡುವಿರುವುದನ್ನು ತೋರಿಸಿದರೆ ಕಿಟಕಿಯ ಕಡೆ ನೋಡುತ್ತ ಕೂತಳು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳಿಗೆ ಸಮಯದ ಸರಳ ವ್ಯವಕಲನ ತಿಳಿಯದೇ ಎಂದು ನನಗೆ ರೇಗಿತು. ಕೊನೆಗೆ ಅವಳೇ ಬಾಯಿಬಿಟ್ಟಳು.

“ರೀ, ಆ ನಡುವಿನ ಊರಾಗ ಒಂದು ಹಗಲು ಪೂರಾ ಇರೋಹಂಗ ತೆಗೀರಿ.”

“ಹಗಲೆಲ್ಲಾ ಅಲ್ಲಿ ಏನು ಮಾಡ್ತಿ?”

“ಸುಮಿತ್ರಾ ಅಲ್ಲೇ ಅದಾಳಲ್ಲ.”

ನಾನು ಮೊಬೈಲನ್ನು ಕೆಳಗಿಟ್ಟೆ. ಆ ಹೆಸರು ನಮ್ಮ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

ಸುಮಿತ್ರಾ ಶಾರದಾಳ ಒಬ್ಬಳೇ ತಂಗಿ. ಹಿರೇಹಡಗಲಿಯ ತವರುಮನೆಯಿಂದ ಅಕ್ಕ ಟೀಚರಾದಳು, ತಂಗಿ ನರ್ಸಾದಳು. ಹೊಸಪೇಟೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಕೊಲ್ಲಿಯ ಆಸ್ಪತ್ರೆಯೊಂದಕ್ಕೆ ಹೋದ ಸುಮಿತ್ರಾ, ಅಲ್ಲಿಯೇ ಮದುವೆಯಾಗಿ ನೆಲೆ ನಿಂತಳು. ಅವರ ಅವ್ವ ತೀರಿಕೊಂಡಾಗ ಸುದ್ದಿ ಮುಟ್ಟಿದ ಕೂಡಲೇ ಹೊರಟೆನೆಂದು ಫೋನು ಮಾಡಿದ್ದಳು. ನಾವು ಮರುದಿನ ಸಂಜೆಯವರೆಗೆ ಕಾದೆವು. ಬಿಸಿಲ ಕಾಲ, ಹಿರಿಯರು ಇನ್ನು ಇಟ್ಟುಕೊಳ್ಳಲಾಗದು ಎಂದರು, ಮಣ್ಣು ಮಾಡಿ ಬಂದೆವು. ಸುಮಿತ್ರಾ ಬಂದದ್ದು ಮಾರನೆಯ ಬೆಳಿಗ್ಗೆ. ಹೊಸ್ತಿಲು ದಾಟುವ ಮೊದಲೇ ಶಾರದಾ ಕೇಳಿಬಿಟ್ಟಳು: “ಮಣ್ಣಾದ ಮ್ಯಾಲೆ ಬಂದಿಯಲ್ಲಾ, ನಿನಗ ಅವ್ವ ಬ್ಯಾಡಾಗಿದ್ಲಾ?” ಸುಮಿತ್ರಾ ಒಂದು ಮಾತೂ ಆಡಲಿಲ್ಲ. ಮೂರನೆಯ ದಿನದ ಶಾಸ್ತ್ರ ಮುಗಿಸಿ ಬ್ಯಾಗು ಎತ್ತಿಕೊಂಡು ಹೊರಟುಹೋದಳು. ಆಮೇಲೆ ಅಕ್ಕತಂಗಿಯರ ನಡುವೆ ಉಳಿದದ್ದು ಮೊಬೈಲಿನಲ್ಲಿ ಯುಗಾದಿಗೊಂದು ಹೂವಿನ ಚಿತ್ರ, ದೀಪಾವಳಿಗೊಂದು ದೀಪದ ಚಿತ್ರ. ಆಡಿದವಳಿಗೂ ಆ ಮಾತು ಒಳಗೇ ಚುಚ್ಚುತ್ತಿತ್ತೆಂದು ನನಗೆ ಗೊತ್ತಿತ್ತು. ಅದನ್ನು ತೆಗೆಯಲು ಅವಳು ವಿಮಾನದ ವೇಳಾಪಟ್ಟಿಗಾಗಿ ಕಾಯುತ್ತಿದ್ದಾಳೆಂದು ಗೊತ್ತಿರಲಿಲ್ಲ.

ಹುಡುಕಾಟ ತಲೆಕೆಳಗಾಯಿತು. ಬೆಳಿಗ್ಗೆ ಇಳಿಸಿ ಸಂಜೆ ಹತ್ತಿಸುವ, ಜಾಣರಾರೂ ಮುಟ್ಟದ ಜೋಡಣೆಯೊಂದು ಪಟ್ಟಿಯ ಕಟ್ಟಕಡೆಯಲ್ಲಿ ಸಿಕ್ಕಿತು. ಅದರ ಪಕ್ಕದಲ್ಲಿ ‘ದೀರ್ಘ ಕಾಯುವಿಕೆ’ ಎಂಬ ಕೆಂಪಕ್ಷರದ ಎಚ್ಚರಿಕೆ ಬೇರೆ. ಅದನ್ನೇ ಕೊಂಡು, ಹೊರಗೆ ಹೋಗಿಬರಲು ಬೇಕಾದ ಸಣ್ಣ ವೀಸಾವನ್ನೂ ಮಾಡಿಸಿಕೊಂಡೆವು. ಶಾರದಾ ತಂಗಿಗೆ ತಾನೇ ಮೆಸೇಜು ಕಳಿಸಿದಳು. ಕೆಲವು ದಿನ ಸುಮ್ಮನಿದ್ದು ಉತ್ತರ ಬಂತು: “ಡ್ಯೂಟಿ ನೋಡ್ಕೊಂಡು ಹೇಳ್ತೀನಿ.” ಆಮೇಲೆ ಏನೂ ಹೇಳಲಿಲ್ಲ. ಶಾರದಾ ಮತ್ತೆ ಕೇಳಲೂ ಇಲ್ಲ. ಖಡಕ್ ರೊಟ್ಟಿ ಬಡಿದು, ಗುರೆಳ್ಳು ಚಟ್ನಿ ಕುಟ್ಟಿ, ಮಗಳಿಗೊಂದು ಗಂಟು, ಇನ್ನೊಂದು ಗಂಟು ಎಂದು ಬೇರೆ ಬೇರೆ ಕಟ್ಟಿದಳು. ಆ ಇನ್ನೊಂದು ಯಾರಿಗೆ ಎಂದು ಕೇಳುವಷ್ಟು ದಡ್ಡ ನಾನಲ್ಲ.

ಬೆಂಗಳೂರಿನಲ್ಲಿ ವಿಮಾನ ಹತ್ತಿ ಬೆಲ್ಟು ಕಟ್ಟಿಕೊಂಡು ಕೂತೆವು. ವಿಮಾನ ಕದಲಲಿಲ್ಲ. ಏನೋ ಸಣ್ಣ ದುರಸ್ತಿ ಎಂದರು; ಸಣ್ಣದು ಬೆಳೆಯುತ್ತ ಹೋಯಿತು. ಸುತ್ತಲಿನವರೆಲ್ಲ ಮುಂದಿನ ವಿಮಾನ ತಪ್ಪುತ್ತದೆಂದು ಗಗನಸಖಿಯರನ್ನು ಮುತ್ತಿಕೊಂಡರು. ನಮ್ಮದು ತಪ್ಪುವ ಭಯವೇ ಇರಲಿಲ್ಲ; ಆದರೆ ನಾವು ಆರಿಸಿ ಆರಿಸಿ ತಂದ ಆ ಹಗಲು ರನ್‌ವೇಯ ಪಕ್ಕದಲ್ಲಿ ನಿಂತಲ್ಲೇ ಸವೆಯುತ್ತಿತ್ತು. ಶಾರದಾ ಮಡಿಲಲ್ಲಿ ಗಂಟು ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಮುಂದಿನ ವಿಮಾನವೂ ಇಷ್ಟೇ ತಡವಾಗಲಿ ಎಂದು ಜೀವನದಲ್ಲಿ ಮೊದಲ ಬಾರಿಗೆ ಬೇಡಿಕೊಂಡೆ. ದೇವರು ನನ್ನ ಹಳೆಯ ಅರ್ಜಿಗಳನ್ನೆಲ್ಲ ನೆನೆದು ನಕ್ಕಿರಬೇಕು.

ಇಳಿದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಪರೀಕ್ಷೆಗಳನ್ನೆಲ್ಲ ದಾಟಿ ಹೊರಬಂದರೆ, ಕಟಕಟೆಯ ಆಚೆ ಹೆಸರಿನ ಫಲಕ ಹಿಡಿದವರು, ಬಲೂನು ಹಿಡಿದ ಮಕ್ಕಳು, ಹೂಗುಚ್ಛ ಹಿಡಿದು ಕಾಲು ಬದಲಿಸುತ್ತ ನಿಂತ ಹೊಸ ಗಂಡಂದಿರು. ಸುಮಿತ್ರಾ ಇರಲಿಲ್ಲ. ಫೋನು ಮಾಡಿದೆವು, ಎತ್ತಲಿಲ್ಲ. ಮೂಲೆಯ ಬೆಂಚಿನಲ್ಲಿ ಶಾರದಾ ಕೂತಳು. ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುವಳು. ನನ್ನೊಳಗಿನ ಬಸ್‌ನಿಲ್ದಾಣದ ಮನುಷ್ಯ ಎದ್ದು ಕೂತ. ಒಳಗೆ ಹೋಗಿಬಿಡೋಣ, ಮತ್ತೆ ತಪಾಸಣೆಯ ಸಾಲು ಉದ್ದವಾದೀತು ಎಂದೆ.

“ನೀವು ಬೇಕಾದ್ರ ಹೋಗ್ರಿ. ನಾ ಇಲ್ಲೇ ಕೂಡ್ತೀನಿ,” ಎಂದಳು.

ಎಷ್ಟೋ ಹೊತ್ತಿನ ಮೇಲೆ ಗಾಜಿನ ಬಾಗಿಲಿನಿಂದ ನರ್ಸಿನ ಉಡುಪಿನಲ್ಲೇ ಒಬ್ಬಾಕೆ ಓಡೋಡಿ ಒಳಗೆ ಬಂದಳು. ಕೂದಲು ಬೆಳ್ಳಗಾಗಿದ್ದರಿಂದ ನಾನು ಗುರುತಿಸಲಿಲ್ಲ. ಶಾರದಾ ಆಗಲೇ ಎದ್ದು ನಿಂತಿದ್ದಳು. ಸುಮಿತ್ರಾ ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು, ಇನ್ನೂ ಹತ್ತಿರ ಬರಬಹುದೋ ಇಲ್ಲವೋ ಎಂಬಂತೆ.

“ಬೆಳಿಗ್ಗಿ ಬಂದು ನಿಂತಿದ್ದೆ ಅಕ್ಕಾ,” ಏದುಸಿರಿನಲ್ಲಿಯೇ ಹೇಳತೊಡಗಿದಳು. “ವಿಮಾನ ತಡ ಅಂತ ಬೋರ್ಡಿನಾಗ ಬಂತು. ವಾಪಸ್ ಹೋಗಿ ಅರ್ಧ ಡ್ಯೂಟಿ ಮುಗಿಸಿ ಬಂದೆ. ದಾರ್ಯಾಗ ಗಾಡಿ ಮ್ಯಾಲೆ ಗಾಡಿ. ಫೋನು ವಾರ್ಡಿನಾಗ ಬಿಟ್ಟು ಬಂದೀನಿ. ನೀ ಹೋಗಿರ್ತಿ ಅಂತ ತಿಳಿದಿದ್ದೆ.”

“ಎಲ್ಲಿಗೆ ಹೋಗ್ಲಿ? ಕೂಡು ಬಾ. ಮೊದಲು ನೀರು ಕುಡಿ.”

ಇಬ್ಬರೂ ಅಕ್ಕಪಕ್ಕ ಕೂತರು. ಶಾರದಾ ಗಂಟು ಬಿಚ್ಚಿದಳು. ರೊಟ್ಟಿಗಳು ಅಷ್ಟು ದೂರ ಬರುವಷ್ಟರಲ್ಲಿ ಚೂರುಚೂರಾಗಿದ್ದವು. ಸುಮಿತ್ರಾ ಚೂರುಗಳಿಗೇ ಚಟ್ನಿ ಹಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ತಿಂದಳು. ಆಮೇಲೆ, ಕೇಳದೆಯೇ, ಕೈಯಲ್ಲಿನ ಚೂರನ್ನು ನೋಡುತ್ತ ಹೇಳಿದಳು.

“ಅವತ್ತು ಎರಡು ವಿಮಾನ ಇದ್ವು ಅಕ್ಕಾ. ಒಂದು ನಿಧಾನದ್ದು, ಮುಂಬೈನಾಗ ಬಾಳ ಹೊತ್ತು ಕೂಡ್ರೋದು. ಇನ್ನೊಂದು ಲಗೂನ ಮುಟ್ಟೋದು, ನಡುವ ಇಳಿದು ಓಡಿ ಮುಂದಿಂದು ಹತ್ತಬೇಕು. ಅವ್ವನ ಮುಖ ನೋಡಬೇಕಂತ ಲಗೂನ ಮುಟ್ಟೋದ ತಗೊಂಡೆ. ಓಡಿದೆ. ಬಾಗಿಲು ಹಾಕಿಬಿಟ್ಟಿದ್ರು. ನಿಧಾನದ್ದ ತಗೊಂಡಿದ್ರ ಮಣ್ಣಿಗೆ ಸಿಗ್ತಿದ್ದೆ.”

ಶಾರದಾ ಮಡಿಲಿಗೆ ಬಿದ್ದಿದ್ದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಆಯ್ದು ಗಂಟಿಗೆ ಹಾಕಿದಳು. “ಅವತ್ತ ಹೇಳಬಾರದಾಗಿತ್ತಾ?” ಎಂದಳು ಕೊನೆಗೆ.

“ನೀ ಕೇಳಲಿಲ್ಲಲ್ಲ.”

ಶಾರದಾ ತಂಗಿಯ ಕೈ ಹಿಡಿದುಕೊಂಡಳು. “ನಾನೂ ನಿನಗ ಒಂದು ಹೇಳಿಲ್ಲ. ಸಿಟ್ಟಿನಾಗ ಇಟ್ಕಂಡುಬಿಟ್ಟೆ. ಫೋನಿನಾಗ ಹೇಳೋದಲ್ಲ ಅದು, ಅದಕ್ಕ ಬಂದೀನಿ. ಅವ್ವ ಕಡೀಕ ಮಾತಾಡಿದ್ದು ನಿಂದ. ‘ಸುಮಿ ಉಂಡ್ಲಾ ಕೇಳು’ ಅಂದ್ಲು. ಮತ್ತ ಮಾತಾಡಲಿಲ್ಲ.”

ಸುಮಿತ್ರಾ ಅಕ್ಕನ ಭುಜಕ್ಕೆ ಮುಖ ಒತ್ತಿಕೊಂಡಳು. ನಾನು ವಿಮಾನಗಳ ಬೋರ್ಡು ನೋಡುವ ನೆಪದಲ್ಲಿ ಎದ್ದು ದೂರ ಹೋದೆ.

ಆ ಬೋರ್ಡಿನ ಕೆಳಗೆ ನಿಂತು ಯೋಚಿಸಿದ್ದನ್ನು ಹೇಳಿಬಿಡುತ್ತೇನೆ, ತೂಕದ್ದೇನೂ ಅಲ್ಲ. ಮುಟ್ಟುವ ವೇಳೆಯನ್ನು ನಾವು ನಮ್ಮದೆಂದು ಆರಿಸುತ್ತೇವೆ. ನಮ್ಮ ನಿದ್ದೆ, ನಮ್ಮ ಊಟ, ನಮ್ಮ ಮೊಣಕಾಲು. ಆ ವೇಳೆಯ ಇನ್ನೊಂದು ಕೊನೆಯಲ್ಲಿ ಯಾರೋ ಕಟಕಟೆ ಹಿಡಿದು ನಿಂತಿರುತ್ತಾರೆ. ತಡವಾಗಿ ಬಂದವರನ್ನು ನೋಡಿದ ಕೂಡಲೇ ಇವರಿಗೆ ಬರುವ ಮನಸ್ಸೇ ಇರಲಿಲ್ಲ ಎಂದುಕೊಳ್ಳುವುದು ಎಷ್ಟು ಸುಲಭ! ಅತಿ ಬೇಗ ಬರಬೇಕೆಂಬ ಆಸೆಯಿಂದಲೇ ಒಬ್ಬಳು ತಡವಾಗಿರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪದಗಳ ಬೇರು ಕೆದಕುವ ನಾನು ಮನೆಯವರೇ ಆಡದೆ ಬಿಟ್ಟ ಮಾತಿನ ಹತ್ತಿರ ಹೋಗಿರಲಿಲ್ಲ.

ತಿರುಗಿ ಬಂದಾಗ ಸುಮಿತ್ರಾ ನೆಲದ ಮೇಲೆ ಕೂತು ಅಕ್ಕನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಿಗಿಯಾದ ಉದ್ದನೆಯ ಕಾಲುಚೀಲ ಹಾಕುತ್ತಿದ್ದಳು. “ವಿಮಾನದಾಗ ಕಾಲು ಬಾಯ್ತಾವು ಮಾವಾ, ನಿಮಗೂ ತಂದೀನಿ, ಕೂಡ್ರಿ,” ಎಂದು ನನ್ನ ಬೂಟಿಗೂ ಕೈ ಹಾಕಿದಳು. ನಾನು ಬೇಡವೆಂದರೂ ಬಿಡಲಿಲ್ಲ. ಎಷ್ಟೋ ರೋಗಿಗಳ ‘ಬೇಡ’ವನ್ನು ಕೇಳಿ ಪಳಗಿದ ಕೈ. ಅಷ್ಟರಲ್ಲಿ ಇಬ್ಬರಿಗೂ ನಗು ಮರಳಿತ್ತು. ಹಿರೇಹಡಗಲಿಯ ಮನೆಯ ಎಮ್ಮೆಯೊಂದು ಯಾರದೋ ಮದುವೆಯ ಚಪ್ಪರ ತಿಂದ ಕತೆಯನ್ನು ಒಬ್ಬರ ಮಾತನ್ನೊಬ್ಬರು ತುಂಡರಿಸಿ ಹೇಳಿದರು. ಊರು ನೋಡಲು ಹೋಗೋಣವೇ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಆ ಪ್ರಸಿದ್ಧ ನಗರದಲ್ಲಿ ನಾವು ಕಂಡದ್ದು ಆ ಬೆಂಚು ಮಾತ್ರ.

ಮುಂದಿನ ವಿಮಾನ ನನ್ನ ಬೇಡಿಕೆಯನ್ನು ಲೆಕ್ಕಿಸದೆ ಸರಿಯಾದ ವೇಳೆಗೇ ಹೊರಟಿತು. ತಪಾಸಣೆಯ ಬಾಗಿಲಿನವರೆಗೆ ಬಂದ ಸುಮಿತ್ರಾ ಅಲ್ಲಿಂದಾಚೆ ಬರುವಂತಿರಲಿಲ್ಲ. ಶಾರದಾ ತಿರುಗಿ ತಿರುಗಿ ನೋಡುತ್ತ ಹೋದಳು, ಹಿಂದಿನವರು ಮುಂದೆ ಸರಿಯಿರಿ ಎನ್ನುವವರೆಗೆ.

ಸ್ಕಾಟ್‌ಲೆಂಡಿನಲ್ಲಿ ಇಳಿದಾಗ ರಾತ್ರಿಯೂಟದ ಹೊತ್ತು ಮೀರಿದ್ದರೂ ಆಕಾಶದಲ್ಲಿ ಬೆಳಕು ಉಳಿದಿತ್ತು. ಚೇತನಾ ಓಡಿಬಂದು ತಬ್ಬಿಕೊಂಡಳು. ಕಾರಿನಲ್ಲಿ ನಮ್ಮನ್ನು ಕೂರಿಸಿ, ಹಿಂದೆ ತಿರುಗಿ ಅವ್ವನನ್ನು ಕೇಳಿದಳು: “ಅಷ್ಟೊತ್ತು ಆ ಏರ್‌ಪೋರ್ಟಿನಾಗ ಕುಂತು ಬ್ಯಾಸರ ಆಗಲಿಲ್ಲೇನವ್ವಾ? ಹೊಳ್ಳಿ ಹೋಗೋ ಮುಂದರ ಕಡಿಮಿ ಹೊತ್ತಿಂದು ತೆಗೀಲಾ?”

ದಾರಿಯ ಎರಡೂ ಬದಿಯ ಇಳಿಜಾರಿನಲ್ಲಿ ಬಿಳಿಯ ಕುರಿಗಳು ಇನ್ನೂ ಮೇಯುತ್ತಿದ್ದವು. ಶಾರದಾ ಅವುಗಳನ್ನೇ ನೋಡುತ್ತ ಹೇಳಿದಳು:

“ಹೊತ್ತು ಸಾಲಲಿಲ್ಲವ್ವ.”