ಗೆರ್ಸಕೋನನ ಸೊಟ್ಟ ಗಡಿಗೆ

ನಮ್ಮ ಗಾದಿರ್ ಪಟ್ಟಣದಲ್ಲಿ ಗೆರ್ಸಕೋನನಷ್ಟು ಸೊಟ್ಟ ಗಡಿಗೆ ಮಾಡುವ ಕುಂಬಾರ ಇನ್ನೊಬ್ಬನಿರಲಿಲ್ಲ. ಅವನ ತಾಯಿ ಮಾಡುತ್ತಿದ್ದ ಮೀನಿನ ಸಾರು ಮಾತ್ರ, ಆಹಾ! ಇರಲಿ ಬಿಡಿ. ಜನ್ಮದಲ್ಲಿ ಒಂದು ಗಡಿಗೆಯಾದರೂ ಮಾರಿಹೋಗಲಿ ಎಂದು ಅವನು ಹಡಗು ಹತ್ತಿ ದಕ್ಷಿಣದ ದಡಕ್ಕೆ ಹೋದ. ಅಲ್ಲಿನವರ ಮಾತು ನಮಗೆ ಬಾರದು. ಸರಕನ್ನು ಮರಳ ಮೇಲಿಟ್ಟು, ಹೊಗೆಯೆಬ್ಬಿಸಿ, ನಾವು ಹಡಗಿಗೆ ಹಿಂತಿರುಗಬೇಕು. ಅವರು ಬಂದು, ಬೇಕಾದ ವಸ್ತುವಿನ ಪಕ್ಕ ಚಿನ್ನವಿಟ್ಟು ಮರೆಯಾಗುತ್ತಾರೆ. ನಮಗೆ ಒಪ್ಪಿಗೆಯಾದರೆ ಚಿನ್ನ ನಮ್ಮದು, ಸರಕು ಅವರದು.

"ನಿನ್ ಗಡಿಗೆ ನೋಡಿ ಹೆದರ್ಕೊಂಡು ಓಡ್ಹೋಗ್ತಾರೆ ಕಣೋ!" ಎಂದು, ಸರಕಿಟ್ಟು ಹಡಗಿಗೆ ಮರಳಿದ ಮೇಲೆ, ಅಂಬಿಗ ಬೋದೋ ಛೇಡಿಸಿದ.

"ಬಾಯ್ಮುಚ್ಚೋ, ಬರ್ತಿದಾರೆ!"

ಅವರು ಹೋದದ್ದೇ ತಡ, ಗೆರ್ಸಕೋನ ಎದ್ದುಬಿದ್ದು ಓಡಿದ. ಹಡಗಿನ ಉಳಿದವರು ಇಟ್ಟಿದ್ದ ನೇರಳೆ ಬಟ್ಟೆಯ ಪಕ್ಕ ಚಿನ್ನವಿತ್ತು. ಅವನ ಗಡಿಗೆಯ ಪಕ್ಕ ಇನ್ನೊಂದು ಗಡಿಗೆಯಿತ್ತು, ಅವನದಕ್ಕಿಂತಲೂ ಸೊಟ್ಟ!

"ಮೆಲ್ಕಾರ್ತ್ ದೇವರಾಣೆ ಬೋದೋ, ಇಲ್ಲೂ ನನ್ನಂಥೋನು ಒಬ್ಬ ಇದಾನೆ!"

"ಇದನ್ನ ತಗೋತೀಯೇನೋ, ಹುಚ್ಚಪ್ಪ?"

"ಬಿಡ್ತೀನಾ!"

ಅದನ್ನು ಮಗುವಿನಂತೆ ತಬ್ಬಿಕೊಂಡು ಅವನು ಹಡಗೇರಿದ. ತಿರುಗಿ ನೋಡಿದರೆ, ದಡದಲ್ಲಿ ಯಾರೋ ಒಬ್ಬ ಗೆರ್ಸಕೋನನ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು ಕುಣಿಯುತ್ತಿದ್ದ.