ಹಳೆ ಸ್ಟೇಡಿಯಮ್ಮಿನ ವೆಂಕಮ್ಮ

ಶಿರಸಿಯಿಂದ ಬನವಾಸಿ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಹೊತ್ತಿಗೆ, ಕ್ಲಬ್ಬಿನ ಹಳೆ ಸ್ಟೇಡಿಯಂ ಸಿಗುತ್ತದೆ. ಸ್ಟೇಡಿಯಂ ಅನ್ನುವುದು ಮರ್ಯಾದೆಯ ಮಾತು. ಒಂದು ಬದಿಗೆ ಐದು ಸಾಲು ಚಿರೆಕಲ್ಲಿನ ಮೆಟ್ಟಿಲು, ಉಳಿದ ಮೂರು ಬದಿಗೆ ತಂತಿಬೇಲಿ, ಅಷ್ಟೆ. ಆ ಮೆಟ್ಟಿಲುಗಳ ಅಡಿಯಲ್ಲಿ ಒಂದು ಕೋಣೆ ಇದೆ. ವೆಂಕಮ್ಮ ಅದರೊಳಗೆ ಇಪ್ಪತ್ತೆರಡು ವರ್ಷ ಬದುಕಿದಳು.

ದಾಸನಕೊಪ್ಪದಿಂದ ಮದುವೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು. ಗಂಡ ಬೈರ ಆ ಮೈದಾನ ನೋಡಿಕೊಳ್ಳುವ ಆಳು. ಹುಲ್ಲು ಕೊಯ್ಯುವುದು, ಗುಂಡಿ ಮುಚ್ಚುವುದು, ಆಟದ ಹಿಂದಿನ ದಿನ ಹಗ್ಗ ಹಿಡಿದು ಸುಣ್ಣದ ಗೆರೆ ಎಳೆಯುವುದು ಅವನ ಕೆಲಸ. ಹಗ್ಗದ ಇನ್ನೊಂದು ತುದಿ ಹಿಡಿಯುವುದು ವೆಂಕಮ್ಮನ ಕೆಲಸ. ಮಕ್ಕಳಾಗಲಿಲ್ಲ. ಎಂಟು ವರ್ಷದ ಹಿಂದೆ ಬೈರ ಕಾಮಾಲೆಯಾಗಿ ತೀರಿಕೊಂಡ. ಕ್ಲಬ್ಬಿನವರು ಅವಳನ್ನು ಕೋಣೆಯಿಂದ ಎಬ್ಬಿಸಲಿಲ್ಲ. ಬೈರನ ಕೆಲಸ ಅವಳಿಗೇ ಬಂತು. ಹೆಸರು ಮಾತ್ರ ಬರಲಿಲ್ಲ. ಆಡಲು ಬರುವ ಗಂಡಸರು ಅವಳನ್ನು ಕರೆಯುತ್ತಿದ್ದದ್ದು "ಏ ಬೈರನ ಹೆಂಡ್ತಿ, ಬಾಲು ಎಲ್ಲೋಯ್ತು ನೋಡು" ಎಂದೇ.

ಎರಡು ವರ್ಷದ ಹಿಂದೆ ಕ್ಲಬ್ಬು ಊರಿನ ಇನ್ನೊಂದು ತುದಿಯಲ್ಲಿ ಹೊಸ ಮೈದಾನ ಮಾಡಿತು. ಗಂಡಸರು ಹೋಗುವಾಗ ಗೋಲಿನ ಕಂಬ, ಬಲೆ, ರೋಲರ್ ಎಲ್ಲ ಹೊತ್ತುಕೊಂಡು ಹೋದರು. ಹಳೆಯದರಲ್ಲಿ ಉಳಿದದ್ದು ನಾಚಿಕೆಮುಳ್ಳು, ಲಾರಿ ನಿಲ್ಲಿಸಿ ಬಿದ್ದ ಗುಂಡಿಗಳು ಮತ್ತು ವೆಂಕಮ್ಮ. ಮಳೆಗಾಲದಲ್ಲಿ ಅವಳು ನಿಲ್ಕುಂದದ ಕಡೆ ಕೂಲಿಗೆ ಹೋಗುತ್ತಿದ್ದಳು. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಔಷಧಿಗೆ ಸುಣ್ಣ ಮತ್ತು ಮೈಲುತುತ್ತ ಬೆರೆಸಿಕೊಡುವ ಕೆಲಸ. ಉಳಿದ ತಿಂಗಳು ಖಾಲಿ ಮೈದಾನಕ್ಕೆ ಕಾವಲು.

ಹೋದ ವರ್ಷ ಅಲ್ಲಿಗೆ ಫುಟ್‌ಬಾಲ್ ಆಡುವ ಹುಡುಗಿಯರು ಬಂದರು.

ಹದಿನಾರು ಮಂದಿ, ಶಿರಸಿ, ಸಿದ್ದಾಪುರ, ಯಲ್ಲಾಪುರದವರು. ಆಟ ಕಲಿಸುವವಳು ಶ್ರೀವಾಣಿ. ಅವಳು ಯಲ್ಲಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅಲ್ಲಿಯವರೆಗೆ ಅವರಿಗೆ ಸ್ವಂತ ಜಾಗ ಇರಲಿಲ್ಲ. ಹುಡುಗರ ಕ್ರಿಕೆಟ್ ಶುರುವಾಗುವ ಮೊದಲು ಶಾಲೆಯ ಬಯಲಿನಲ್ಲಿ ಒಂದು ತಾಸು ಆಡಿ ಎದ್ದು ಹೋಗಬೇಕಿತ್ತು. ಕ್ಲಬ್ಬಿನ ಕಾರ್ಯದರ್ಶಿ ಕಿಶೋರ ಬೀಗದ ಕೈ ಕೊಡುವಾಗ ಎಲ್ಲರೆದುರು ಹೇಳಿದ, "ಆರು ತಿಂಗ್ಳು ನೋಡುವ. ಒಂದೇ ಒಂದು ತಕರಾರು ಬಂತೋ, ಬೀಗ." ಆಮೇಲೆ ವೆಂಕಮ್ಮನನ್ನು ಬದಿಗೆ ಕರೆದ. "ನೀ ಎಂತಕ್ಕೂ ಹೆದ್ರಬೇಡ. ಇವ್ರು ಹೋದ್ರೆ ಹೊಸ ಗ್ರೌಂಡಲ್ಲಿ ನಿಂಗೊಂದು ರೂಮು ಅದೆ."

ಮೂರು ಭಾನುವಾರ ಹುಡುಗಿಯರು ಕತ್ತಿ, ಗುದ್ದಲಿ ಹಿಡಿದು ಮೈದಾನ ಬಿಡಿಸಿದರು, ಅಡಿಕೆ ಮರದ ಗೋಲಿನ ಕಂಬ ನೆಟ್ಟರು. ಮುಳ್ಳು ಕೀಳುವುದು ಹೇಗೆಂದು ತೋರಿಸಿದವಳು ವೆಂಕಮ್ಮ. ಅವಳ ಬಚ್ಚಲೇ ಎಲ್ಲರ ಬಚ್ಚಲಾಯಿತು. ಅವರು ಅವಳನ್ನು ವೆಂಕಕ್ಕ ಎಂದು ಕರೆದರು. ಮೊದಲ ದಿನ ಯಾರನ್ನು ಕರೆಯುತ್ತಿದ್ದಾರೆಂದು ಅವಳು ಹಿಂದೆ ತಿರುಗಿ ನೋಡಿದ್ದಳು.

ಗೋಲು ಕಾಯುವವಳು ಸಾಮಿಯಾ. ಹದಿನೆಂಟು ವರ್ಷ. ಅವಳ ತಂದೆ ಜಲೀಲ್ ಶಿರಸಿ ಪೇಟೆಯಲ್ಲಿ ಗೂಡ್ಸ್ ರಿಕ್ಷಾ ಓಡಿಸುತ್ತಾರೆ. ಸಾಮಿಯಾ ಚೆಂಡು ಎಲ್ಲಿಗೆ ಬಂದರೂ ಬೀಳುವವಳು. ಬಿದ್ದು ಎದ್ದರೆ ಮೊಣಕೈ ತುಂಬ ಕೆಂಪು ಮಣ್ಣು. ಸಿದ್ದಾಪುರದ ರಕ್ಷಿತಾ ಛೇಡಿಸುತ್ತಿದ್ದಳು.

"ಮಾರಾಯ್ತಿ, ಬಾಲು ಹಿಡಿ ಅಂದ್ರೆ ನೆಲ ಹಿಡೀತ್ಯಲ್ಲೆ."

"ನೆಲ ನಿಮ್ಮಪ್ಪಂದಾ?"

"ನೆಲ ನಂದು," ಎಂದಳು ಮೆಟ್ಟಿಲ ಮೇಲೆ ಕೂತಿದ್ದ ವೆಂಕಮ್ಮ. "ಹಿಡಕೊಳ್ಳಲಿ ಬಿಡ್ರಿ."

ದೀಪಾವಳಿ ಕಳೆದ ಮೇಲಿನ ಭಾನುವಾರಕ್ಕೆ ಮೊದಲ ಪಂದ್ಯ ಗೊತ್ತಾಯಿತು. ಹೊರಗಿನ ತಂಡವೊಂದು ಬಾಡಿಗೆ ಬಸ್ಸಿನಲ್ಲಿ ಬರುವುದಿತ್ತು. ಗೆರೆ ಎಳೆಯಲು ಅಂಗಡಿಯ ಬಿಳಿ ಪುಡಿ ಬೇಕೆಂದು ಶ್ರೀವಾಣಿ ಕೇಳಿದಾಗ ಕಿಶೋರ, "ಮುಂದಿನ ತಿಂಗ್ಳು ನೋಡುವ" ಎಂದ. ಪುಡಿ ಬಂದದ್ದು ಬೈರನ ಕಾಲದ ಕೊನೆಗೆ. ಅದಕ್ಕೂ ಮೊದಲು ಎಲ್ಲ ಸುಣ್ಣವೇ. ವೆಂಕಮ್ಮನ ಕೋಣೆಯಲ್ಲಿ ಔಷಧಿಗೆ ತಂದು ಮಿಕ್ಕಿದ ಅರ್ಧ ಚೀಲ ಕಲ್ಲುಸುಣ್ಣ, ಗಾಳಿ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದು, ಹಾಗೇ ಇತ್ತು.

"ನೀವ್ ಚಿಂತಿ ಮಾಡಬ್ಯಾಡ್ರಿ ಟೀಚರ್, ಗೆರಿ ನಾ ಹಾಕ್ತೀನಿ," ಎಂದಳು.

ಬೈರ ಗೆರೆಯ ಸುಣ್ಣವನ್ನು ತಿಂಗಳುಗಟ್ಟಲೆ ಗುಂಡಿಯಲ್ಲಿ ನೆನೆಹಾಕಿ ತಣ್ಣಗೆ ಮಾಡಿ, ನೀರಾಗಿ ಕದಡಿ ಬಿಡುತ್ತಿದ್ದ. ಔಷಧಿಯ ಸುಣ್ಣಕ್ಕೆ ಅದು ತಿರುಗಾಮುರುಗಾ. ಅದು ಹೊಡೆಯುವ ದಿನದ ಬೆಳಿಗ್ಗೆಯೇ ನೀರು ಬಿದ್ದು ಅರಳಬೇಕು, ಬಿಸಿಬಿಸಿ ಇರಬೇಕು. ಬೈರ ಹೋದ ಮೇಲೆ ವೆಂಕಮ್ಮನ ಕೈಗೆ ಪಳಗಿದ್ದು ಔಷಧಿಯ ಸುಣ್ಣ. ಅವಳು ಶುಕ್ರವಾರ ಕಲ್ಲಿಗೆ ನೀರು ಚಿಮುಕಿಸಿ ಪುಡಿ ಮಾಡಿ, ಜರಡಿ ಹಿಡಿದು, ಶನಿವಾರ ನೀರಿನಲ್ಲಿ ಕದಡಿ ಗೆರೆ ಎಳೆದಳು. ಅಂದು ರಾತ್ರಿ ಹೊತ್ತಲ್ಲದ ಹೊತ್ತಿನ ಮಳೆ ಬಂದು ಗೆರೆ ತೊಳೆದುಹೋಯಿತು. ಬೆಳಿಗ್ಗೆ ಬಂದ ರೆಫರಿ, ಗೆರೆ ಇಲ್ಲದೆ ಆಟ ಇಲ್ಲ ಎಂದ. ಎದುರು ತಂಡದ ಬಸ್ಸು ಆಗಲೇ ಬೇಲಿಯ ಹೊರಗೆ ನಿಂತಿತ್ತು. ವೆಂಕಮ್ಮ ಉಳಿದ ಸುಣ್ಣವನ್ನು ಒಣಪುಡಿಯಾಗಿಯೇ ಮುಷ್ಟಿಯಲ್ಲಿ ಸುರಿಯುತ್ತ ಹೋದಳು. ಗೋಲಿನ ಮುಂದೆ ದಪ್ಪಗೆ ಹಾಕಿದಳು, ದೂರಕ್ಕೂ ಕಾಣಲಿ ಎಂದು.

ಆಟ ಅರ್ಧ ದಾಟಿತ್ತು. ಮೂಲೆಯಿಂದ ಬಂದ ಚೆಂಡು ಕಾಲುಗಳ ನಡುವೆ ನುಸುಳಿ ಗೆರೆಯ ಹತ್ತಿರ ಬಂತು. ಸಾಮಿಯಾ ಮುಖ ಮುಂದಾಗಿ ಹಾರಿದಳು. ಬಿಳಿ ಧೂಳು ಎದ್ದಿತು. ಅವಳು ಚೆಂಡು ಅಪ್ಪಿಕೊಂಡೇ ಎದ್ದಳು, ಮೆಟ್ಟಿಲ ಮೇಲಿದ್ದವರು ಚಪ್ಪಾಳೆ ಹೊಡೆದರು. ಆಮೇಲೆ ಚೆಂಡು ಅವಳ ಕೈಯಿಂದ ಬಿತ್ತು.

"ಕಣ್ಣು! ಯಾ ಅಲ್ಲಾ, ಕಣ್ಣು!"

ರಕ್ಷಿತಾ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಲೇ ಓಡಿದಳು. ವೆಂಕಮ್ಮ ಅವಳಿಗಿಂತ ಜೋರಾಗಿ ಓಡಿದಳು. ಅವಳ ಕಣ್ಣಮುಂದೆ ಇದ್ದದ್ದು ನಿಲ್ಕುಂದದ ಔಷಧಿ ಡ್ರಮ್ಮು. ಸುಣ್ಣದ ಕಲ್ಲಿಗೆ ನೀರು ಬಿದ್ದೊಡನೆ ಅನ್ನದಂತೆ ಕೊತಕೊತ ಕುದಿಯುವುದನ್ನು ಅವಳು ಮಳೆಗಾಲದ ಪ್ರತಿದಿನ ನೋಡಿದವಳು. ಬಾಟಲಿಗೆ ಕೈ ಬೀಸಿ ಹೊಡೆದಳು. ನೀರು ನೆಲದ ಪಾಲಾಯಿತು.

"ನೀರ್ ಹಾಕಬ್ಯಾಡ್ರೇ! ಸುಣ್ಣ ಕುದೀತೈತಿ! ಕಣ್ಣು ಬೆಂದು ಹೋಗ್ತೈತಿ!"

ಯಾರೂ ಎದುರಾಡಲಿಲ್ಲ. ಸುಣ್ಣದ ವಿಷಯ ಅಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಔಷಧಿ ಬೆರೆಸುವವರು ಕೈಗೆ, ಮುಖಕ್ಕೆ ಕೊಬ್ಬರಿಎಣ್ಣೆ ಸವರಿಕೊಂಡೇ ಕೆಲಸಕ್ಕೆ ಇಳಿಯುತ್ತಾರೆ. ಕಣ್ಣಿಗೆ ಹನಿ ಸಿಡಿದರೂ ಎಣ್ಣೆಯನ್ನೇ ಬಿಡುತ್ತಾರೆ. ಅವಳೂ ಹಾಗೆ ಬಿಟ್ಟುಕೊಂಡು ಬದುಕಿದ್ದವಳು. ಕೋಣೆಯಿಂದ ಎಣ್ಣೆಯ ಸೀಸೆ ತಂದು, ಸಾಮಿಯಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ ಬಿಡಿಸಿ ಹಾಕಿದಳು.

"ತೊಳಿಯುದೇ ಬೇಡ್ವಾ ವೆಂಕಕ್ಕ?" ರಕ್ಷಿತಾ ಕೇಳಿದಳು.

"ಬ್ಯಾಡ ಅಂದೆನಲ್ಲ!"

ಜಲೀಲರ ರಿಕ್ಷಾ ಬರುವಾಗ ಮುಕ್ಕಾಲು ತಾಸು ಕಳೆದಿತ್ತು.

ಶಿರಸಿಯ ಆಸ್ಪತ್ರೆಯಲ್ಲಿ ಕಣ್ಣು ತೊಳೆದು ಹುಬ್ಬಳ್ಳಿಗೆ ಕಳಿಸಿದರು. ಬಲಗಣ್ಣು ಉಳಿಯಿತು. ಎಡಗಣ್ಣಿನ ಕರಿಗುಡ್ಡೆ ಬೇಯಿಸಿದ ಮೀನಿನದರಂತೆ ಬೆಳ್ಳಗಾಯಿತು. ಮೂರನೆಯ ದಿನ ವೆಂಕಮ್ಮ ಶ್ರೀವಾಣಿಯ ಜೊತೆ ನೋಡಲು ಹೋದಾಗ ಜಲೀಲ್ ಔಷಧಿ ತರಲು ಕೆಳಗೆ ಇಳಿದಿದ್ದರು. ಡಾಕ್ಟರು ಪಟ್ಟಿ ಬಿಚ್ಚಿ ನೋಡುತ್ತ ಬೇಜಾರಿನಿಂದ ಕೇಳಿದರು, "ಎಣ್ಣೆ ಹಾಕಿದ್ದು ಯಾರು? ಆ ಕ್ಷಣ ಬರೀ ನಲ್ಲಿ ನೀರು ಅರ್ಧ ತಾಸು ಬಿಟ್ಟಿದ್ರೆ ಈ ಕಣ್ಣು ಇಷ್ಟು ಕೆಡ್ತಿರಲಿಲ್ಲ."

"ನಾನೇ ಹಾಕ್ಕೊಂಡೆ," ಎಂದಳು ಸಾಮಿಯಾ.

ವೆಂಕಮ್ಮ ಮಂಚದ ಕಬ್ಬಿಣ ಹಿಡಿದು ನಿಂತಿದ್ದಳು. ಬಾಯಿ ತೆರೆದಳು. ಸಾಮಿಯಾ ಬಲಗಣ್ಣಿನಿಂದ ಅವಳನ್ನೇ ನೋಡಿ ತಲೆ ಅಲ್ಲಾಡಿಸಿದಳು. ವೆಂಕಮ್ಮ ಬಾಯಿ ಮುಚ್ಚಿದಳು. ಬಸ್ಸಿನಲ್ಲಿ ಬರುವಾಗ ಶ್ರೀವಾಣಿ ಹೇಳಿದಳು, "ಸುಣ್ಣ ನಾವೇ ತಂದದ್ದು ಅಂತ ನಾ ಕಿಶೋರಣ್ಣಂಗೆ ಹೇಳಾಯ್ತು. ನೀವು ಸುಮ್ನಿರಿ. ಇಲ್ದಿದ್ರೆ ನಿಮ್ಮನ್ನ ಹೊರಗೆ ಹಾಕ್ತಾರೆ."

ಊರಿನಲ್ಲಿ ಮಾತು ಬೇರೆಯೇ ಹಬ್ಬಿತ್ತು. ವೆಂಕಮ್ಮ ಎಣ್ಣೆ ಹಾಕಿದ್ದರಿಂದ ಒಂದು ಕಣ್ಣಾದರೂ ಉಳಿಯಿತು ಎಂದು. ಅಂಗಡಿಯಲ್ಲಿ ಅಕ್ಕಿ ತರಲು ಹೋದರೆ ಜನ ದಾರಿ ಬಿಡುತ್ತಿದ್ದರು.

ಹದಿನೈದು ದಿನದ ಮೇಲೆ ಕ್ಲಬ್ಬಿನ ಕಮಿಟಿ ಕೂತಿತು. ಜಲೀಲರನ್ನೂ ಕರೆಸಿ ಬಾಗಿಲ ಬಳಿ ಕುರ್ಚಿ ಹಾಕಿದ್ದರು. ಶ್ರೀವಾಣಿ ತಲೆ ತಗ್ಗಿಸಿ ನಿಂತಿದ್ದಳು. ಕಿಶೋರ ಮಾತು ಬೆಳೆಸಲಿಲ್ಲ. "ಹುಡ್ಗೀರು ನಮ್ಮನ್ನ ಕೇಳದೇ ಸುಣ್ಣ ತಂದು ಹಾಕಿದಾರೆ. ಅವ್ರೇ ಒಪ್ಪಿದಾರೆ. ನಾಳೆಯಿಂದ ಹಳೆ ಸ್ಟೇಡಿಯಮ್ಮಿಗೆ ಬೀಗ. ವೆಂಕಮ್ಮ ಹೊಸ ಗ್ರೌಂಡಿಗೆ ಬರ್ತಾಳೆ. ಅವಳು ಇದ್ದದ್ದಕ್ಕೆ ಅಷ್ಟಾದ್ರೂ ಆಯ್ತು."

ಜಲೀಲ್ ಎದ್ದು ವೆಂಕಮ್ಮನ ಕಡೆ ಕೈ ಜೋಡಿಸಿದರು. "ಅಮ್ಮಾ, ನಮ್ ಮನೇಲಿ ಐದು ಹೊತ್ತೂ ನಿಮ್ ಹೆಸ್ರು ಹೇಳಿ ದುವಾ ಮಾಡ್ತಿದಾರೆ."

ಅದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಬೀಗದ ಮಾತನ್ನಾದರೂ ನುಂಗಿಕೊಳ್ಳುತ್ತಿದ್ದಳೋ ಏನೋ.

"ಸುಣ್ಣ ಅವರು ತಂದಿದ್ದಲ್ರೀ, ನಂದು," ಎಂದಳು. ನಿಂತಲ್ಲೇ ಎಲ್ಲ ಹೇಳಿದಳು. ಶುಕ್ರವಾರದ ಸುಣ್ಣ, ಭಾನುವಾರ ಮುಷ್ಟಿಯಲ್ಲಿ ಸುರಿದದ್ದು, ರಕ್ಷಿತಾಳ ಕೈಯ ಬಾಟಲಿ. "ಆ ನೀರು ಹಾಕಿದ್ರ ಕಣ್ಣು ಉಳೀತಿತ್ತಂತ. ಡಾಕ್ಟರ್ ಹೇಳಿದ್ರು. ಹಾಕಗೊಡಲಿಲ್ಲ ನಾನು."

ಜಲೀಲ್ ಕೇಳಿದರು, "ನಿಮ್ ಎಣ್ಣೆಯಿಂದ್ಲೇ ಒಂದು ಕಣ್ಣು ಉಳೀತು ಅಂತ ಸಾಮಿಯಾ ಹೇಳಿದ್ಲಲ್ಲ ಅಮ್ಮಾ?"

"ನನ್ನ ಉಳಿಸಾಕ ಅಂದ್ಲು."

"ಹಾಗಾದ್ರೆ ನನಗೂ ಸುಳ್ಳು ಹೇಳಿದಾಳೆ." ಅವರು ಬೈಯಲಿಲ್ಲ. ಜೋಡಿಸಿದ್ದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವರಂತೆ ಅಂಗಿಗೆ ಒರೆಸಿಕೊಂಡು ಹೊರಗೆ ಹೋದರು.

ತಪ್ಪು ಕ್ಲಬ್ಬಿನ ಆಳಿನದೇ ಎಂದಾದ ಮೇಲೆ ಹುಡುಗಿಯರನ್ನು ಹೊರಗೆ ಹಾಕುವ ಮುಖ ಕಮಿಟಿಗೆ ಇರಲಿಲ್ಲ. ಮೈದಾನ ಅವರಿಗೇ ಉಳಿಯಿತು. ವೆಂಕಮ್ಮನಿಗೆ ಎಂಟು ದಿನದಲ್ಲಿ ಕೋಣೆ ಬಿಡಲು ಹೇಳಿದರು. "ನೀ ಎಂತಕ್ಕೆ ಬಾಯಿ ಬಿಟ್ಟದ್ದು?" ಎಂದು ಕಿಶೋರ ಮೆಟ್ಟಿಲಿಳಿಯುವಾಗ ಕೇಳಿದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು.

ಅವಳು ಪಾತ್ರೆ ಕಟ್ಟುತ್ತಿದ್ದ ದಿನ ಸಾಮಿಯಾ ಬಂದಳು. ಕಪ್ಪು ಕನ್ನಡಕ ಹಾಕಿದ್ದಳು, ಹೊಸ್ತಿಲು ಎಡವಿದಳು. ವೆಂಕಮ್ಮ ಹಿಡಿಯಲು ಹೋದಳು, ಅವಳು ಹಿಡಿಯಗೊಡಲಿಲ್ಲ.

"ಒಂದು ಕಣ್ಣಲ್ಲೂ ಆಡ್ಬಹುದು ಅಂದಿದ್ರು ಡಾಕ್ಟ್ರು. ಅಬ್ಬಾನೂ ಹ್ಞೂಂ ಅಂದಿದ್ರು, ಅಲ್ಲಿ ವೆಂಕಮ್ಮ ಇದಾರಲ್ಲ ಅಂತ. ಈಗ ಗ್ರೌಂಡ್ ಅಂದ್ರೆ ಸಾಕು, ಊಟ ಬಿಟ್ಟು ಎದ್ದು ಹೋಗ್ತಾರೆ. ನನ್ನ ಮಾತು ಯಾವುದನ್ನೂ ನಂಬೂದಿಲ್ಲ."

"ನಂಗ ಇದು ತಿಳೀಲಿಲ್ಲವ್ವ. ಗ್ರೌಂಡು ನಿಮಗ ಉಳೀಲಿ ಅಂತ..."

"ಉಳೀತಲ್ಲ, ಅವ್ರಿಗೆ." ಸಾಮಿಯಾ ಅಳುತ್ತಿರಲಿಲ್ಲ. "ನನ್ನನ್ನ ಒಂದು ಮಾತು ಕೇಳ್ಬಹುದಿತ್ತು ವೆಂಕಕ್ಕ. ಅವತ್ತೂ ಕೇಳ್ಲಿಲ್ಲ, ಈಗ್ಲೂ ಕೇಳ್ಲಿಲ್ಲ."

ವೆಂಕಮ್ಮ ಕಟ್ಟುತ್ತಿದ್ದ ಗಂಟನ್ನು ಹಾಗೇ ಹಿಡಿದುಕೊಂಡು ಕೂತಳು. ಹೊರಗೆ ಹುಡುಗಿಯರು ಓಡುವ ಸದ್ದು ಮೆಟ್ಟಿಲ ಕಲ್ಲಿಗೆ ಬಡಿದು ಕೋಣೆಯೊಳಗೆ ಕೇಳುತ್ತಿತ್ತು. ಸಾಮಿಯಾ ಅತ್ತ ನೋಡದೆ ಬೇಲಿಯ ಬದಿಯಿಂದಲೇ ಹೋದಳು.

ಈಗ ವೆಂಕಮ್ಮ ಸಿದ್ದಾಪುರದಲ್ಲಿ ತಂಗಿಯ ಮನೆಯ ಜಗಲಿಯಲ್ಲಿ ಮಲಗುತ್ತಾಳೆ, ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಪಾತ್ರೆ ತೊಳೆಯುತ್ತಾಳೆ. ಮಳೆಗಾಲಕ್ಕೆ ಔಷಧಿ ಬೆರೆಸಲು ಕರೆದರೆ ಹೋಗುವುದಿಲ್ಲ. ಪಂದ್ಯ ಇದ್ದ ದಿನ ಸಂಜೆ ರಕ್ಷಿತಾ ಫೋನ್ ಮಾಡುತ್ತಾಳೆ. ಗೆದ್ದದ್ದು, ಸೋತದ್ದು, ಕ್ಲಬ್ಬಿನವರು ಹೊಸ ಬಲೆ ಕೊಟ್ಟದ್ದು, ಎಲ್ಲ ಹೇಳುತ್ತಾಳೆ. ವೆಂಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಫೋನ್ ಕಿವಿಗಿಟ್ಟು ಪೂರ್ತಿ ಕೇಳುತ್ತಾಳೆ. ಕಡೆಗೆ ಒಂದೇ ಕೇಳುತ್ತಾಳೆ.

"ಗೋಲಿನ್ಯಾಗ ಯಾರ್ ನಿಂತಿದ್ರವ್ವ?"

"ದಿವ್ಯಾ," ಎನ್ನುತ್ತಾಳೆ ರಕ್ಷಿತಾ.